ಕಡೇ ಹಾಲಿನ ತುಪ್ಪ

ಬುದ್ಧಿಮಾತು ಕೇಳುವುದರಲ್ಲಿ ನನಗೊಂದು ದುರಭ್ಯಾಸವಿದೆ. ಅರ್ಧ ಕೇಳುತ್ತೇನೆ; ಕೇಳಿದ ಆ ಅರ್ಧವನ್ನು ಮಾತ್ರ ಬಹಳ ನಿಷ್ಠೆಯಿಂದ ಪಾಲಿಸುತ್ತೇನೆ. ದಿನಾ ಒಂದು ಗಂಟೆ ನಡೆಯಿರಿ, ಎಂಟು ಗಂಟೆ ನಿದ್ದೆ ಮಾಡಿ ಎಂದು ಡಾಕ್ಟರು ಹೇಳಿ ಆರು ವರ್ಷವಾಯಿತು. ನಿದ್ದೆಯ ವಿಷಯದಲ್ಲಿ ಅವರು ನನ್ನ ಮೇಲೆ ಒಂದು ಮಾತು ಆಡುವಂತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳುವ ಕಥೆಯಲ್ಲಿ ತುಪ್ಪದ್ದಾಗಲೀ, ಹಸುವಿನದ್ದಾಗಲೀ, ನಮ್ಮ ಹಿರಿಯರ ಊಟದ್ದಾಗಲೀ ಏನೂ ತಪ್ಪಿಲ್ಲ.

ನಾನು ಶ್ರೀನಿವಾಸಪುರದ ಒಂದು ಪುಟ್ಟ ಗ್ರಂಥಾಲಯದಲ್ಲಿ ಸಹಾಯಕ. ಕೂತು ಮಾಡುವ ಕೆಲಸ. ಎದ್ದು ಮಾಡಬೇಕಾದದ್ದನ್ನೂ ಕೂತೇ ಮಾಡುವ ವಿದ್ಯೆ ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಸಿದ್ಧಿಸಿದೆ. ಮಾವಿನ ಕಾಲದಲ್ಲಿ ಪುಸ್ತಕ ವಾಪಸು ಕೊಡಲು ಬರುವವರು ಎರಡು ಹಣ್ಣು ತರುತ್ತಾರೆ, ತಡವಾಗಿ ತರುವವರು ನಾಲ್ಕು. ಹೀಗೆ ಹೊಟ್ಟೆ ಯಾರಿಗೂ ತೊಂದರೆ ಕೊಡದೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಒಮ್ಮೆ ಶಿವಾರಪಟ್ಟಣಕ್ಕೆ ಹೋಗಿದ್ದಾಗ ನನ್ನ ಹಳೆಯ ಸಹಪಾಠಿ, ಈಗ ಅಲ್ಲಿ ವಿಗ್ರಹ ಕೆತ್ತುವವನು, ಉಳಿ ಕೆಳಗಿಟ್ಟು ನನ್ನನ್ನು ಪಕ್ಕದಿಂದ ನೋಡಿ, "ಕಲ್ಲಾಗಿದ್ರೆ ಅರ್ಧ ದಿನದ ಕೆಲಸ ಕಣೋ, ತೆಗೆದುಬಿಡ್ತಿದ್ದೆ" ಎಂದ. ಅವನ ಮಾತಿನಲ್ಲಿ ಹಾಸ್ಯವಿರಲಿಲ್ಲ, ನಿಜವಾದ ಕನಿಕರವಿತ್ತು. ಅದೇ ನನಗೆ ತಾಗಿದ್ದು.

ಆ ವಾರವೇ ಮೊಬೈಲಿನಲ್ಲಿ ಒಬ್ಬ ಮಹಾನುಭಾವರು ಸಿಕ್ಕಿದರು. ಕೊಬ್ಬಿಗೆ ಹೆದರಬೇಡಿ, ನಮ್ಮ ಅಜ್ಜ ಅಜ್ಜಿ ತಿಂದಂತೆ ತಿನ್ನಿ, ಮನೆಯ ಬೆಣ್ಣೆ, ಮನೆಯ ತುಪ್ಪ, ಕೊಬ್ಬರಿ, ಕಡಲೇಕಾಯಿ, ಗಾಣದ ಹುಚ್ಚೆಳ್ಳೆಣ್ಣೆ, ಇವೆಲ್ಲ ಹೊಟ್ಟೆ ತುಂಬಿಸುತ್ತವೆ, ತೂಕ ತಾನಾಗಿ ಇಳಿಯುತ್ತದೆ ಎಂದು ಅವರು ವಿವರಿಸಿದರು. ಇಷ್ಟು ಕೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿ ಬಂತು. ಐವತ್ತಮೂರು ವರ್ಷ ನಾನು ಯಾರ ಮಾತಿಗಾಗಿ ಕಾದಿದ್ದೆನೋ ಅವರೇ ಇವರು. ವಿಡಿಯೋದ ಎರಡನೇ ಅರ್ಧದಲ್ಲಿ ಸಕ್ಕರೆ ಬಿಡಿ, ಅನ್ನ ಬಿಡಿ, ಧಾನ್ಯವನ್ನೆಲ್ಲ ಕಡಿಮೆ ಮಾಡಿ ಎಂದಿದ್ದರಂತೆ. ಹೆಂಡತಿ ಪದ್ಮ ಆಮೇಲೆ ಪೂರ್ತಿ ನೋಡಿ ಹೇಳಿದಳು. ಅನ್ನ ಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ರಾಗಿಮುದ್ದೆಯನ್ನು ಬಿಡಬೇಕಾದ ಪದಾರ್ಥಗಳ ಸಾಲಿಗೆ ಸೇರಿಸಲು ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಸಾಧ್ಯವಿಲ್ಲ. ಮುದ್ದೆ ನಮಗೆ ಊಟದಲ್ಲಿ ಒಂದು ಪದಾರ್ಥವಲ್ಲ, ಅದೇ ಊಟ. ಬಿಸಿ ಮುದ್ದೆಯಲ್ಲಿ ಗುಂಡಿ ಮಾಡಿ ಎರಡು ಚಮಚ ತುಪ್ಪ ಬಿಟ್ಟು, ಅವರೇಕಾಳಿನ ಸಾರಿನಲ್ಲಿ ಅದ್ದಿ ನುಂಗುವುದೇ ಹಿರಿಯರ ಕ್ರಮವೆಂದು ನಾನು ತೀರ್ಮಾನಿಸಿದೆ. "ನಿಮ್ಮ ತಾತ ಅಷ್ಟು ತುಪ್ಪ ತಿಂದು ಆಮೇಲೆ ನೇಗಿಲು ಹೂಡೋರು. ನೀವು ತಿಂದು ಏನ್ ಮಾಡ್ತೀರಿ?" ಎಂದಳು ಪದ್ಮ. ಕೇಳಿಸದವನಂತೆ ಕೈ ತೊಳೆದೆ.

ಇನ್ನು ಮನೆಯ ತುಪ್ಪ ಎಲ್ಲಿಂದ ಬರಬೇಕು? ನನಗೆ ಅಕ್ಕ ಇದ್ದಾಳೆ, ಮುನಿರತ್ನಮ್ಮ. ಕೋಲಾರದ ದಾರಿಯಲ್ಲಿ ಹೋಳೂರಿಗೆ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ಅವಳ ಊರು. ಎರಡು ಸೀಮೆಹಸು ಕಟ್ಟಿದ್ದಾಳೆ. ಆದರೆ ನಮ್ಮ ಕಡೆ ಹಸು ಇರುವ ಮನೆಯಲ್ಲೇ ತುಪ್ಪ ಇರುವುದಿಲ್ಲ. ಬೆಳಿಗ್ಗೆ ಸಂಜೆ ಹಾಲೆಲ್ಲ ಡೈರಿಗೆ, ಅಂದರೆ ಊರಿನ ಹಾಲಿನ ಸಂಘಕ್ಕೆ ಹೋಗುತ್ತದೆ. ಅಲ್ಲಿ ಹಾಲಿನ ಫ್ಯಾಟನ್ನು ಯಂತ್ರದಲ್ಲಿ ಅಳೆದು ಎಲ್ಲರೆದುರು ಕೂಗಿ ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮಕ್ಕನಿಗೆ ಈ ದಿನ ಬೆಳಿಗ್ಗೆ ಊರಲ್ಲಿ ಯಾರ ಹಾಲಿಗೆ ಎಷ್ಟು ಫ್ಯಾಟ್ ಬಂತೆಂದು ಬಾಯಲ್ಲಿರುತ್ತದೆ. ಅವಳ ಹಾಲಿಗೆ ವರ್ಷಗಟ್ಟಲೆ ನಾಲ್ಕೂವರೆಗೆ ಕಡಿಮೆ ಬಂದದ್ದೇ ಇರಲಿಲ್ಲ. ಊರಿಗೆಲ್ಲ ಗಟ್ಟಿ ಹಾಲು ಮುನಿರತ್ನಮ್ಮಂದು ಎಂಬ ಹೆಸರು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಹತ್ತಿರ ಭಾವ ಜಮೀನಿನ ಮಾತಿಗಿಂತ ಮೊದಲು ಈ ಮಾತು ತೆಗೆದಿದ್ದರು.

ಸಂಕ್ರಾಂತಿ ಕಳೆದ ವಾರ ಅಕ್ಕನ ಮನೆಗೆ ಹೋಗಿ ನನ್ನ ಪಥ್ಯದ ವಿಷಯ ಹೇಳಿದೆ. ಆರೋಗ್ಯ ಎಂಬ ಮಾತು ಬಂದ ಕೂಡಲೇ ಅವಳು ಹೆಚ್ಚು ಕೇಳಲಿಲ್ಲ. "ನಿಂಗೆ ತುಪ್ಪ ಬೇಕು ತಾನೆ? ವಾರ ವಾರ ಬಂದು ತಗೊಂಡೋಗು" ಎಂದಳು. ಹುರುಪಿನಲ್ಲಿ ನಾನು ಡೈರಿಗೂ ಹೋಗಿ, ಹಿಂಡಿ ಬೂಸಾದ ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಂತೆ. ಎಂಬತ್ತನಾಲ್ಕು. ಸಂಘದ ಕಾರ್ಯದರ್ಶಿ ಚಾಂದ್ ಪಾಷಾ ಕಣ್ಣಿಗೆ ಕಂಡ ಅಂಕಿಯನ್ನೆಲ್ಲ ಬರೆದಿಡುವ ಮನುಷ್ಯ. ನನ್ನದನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಆರು ತಿಂಗಳಲ್ಲಿ ಎಪ್ಪತ್ತನಾಲ್ಕಕ್ಕೆ ಇಳಿಸುತ್ತೇನೆ ಎಂದು ಅಲ್ಲಿದ್ದವರಿಗೆಲ್ಲ ಹೇಳಿ ಬಂದೆ.

ಆಮೇಲಿನ ತಿಂಗಳುಗಳು ನನ್ನ ಬದುಕಿನಲ್ಲೇ ಸುಖದ ತಿಂಗಳುಗಳು. ಮುದ್ದೆಗೆ ತುಪ್ಪ, ರೊಟ್ಟಿಗೆ ಬೆಣ್ಣೆ, ಸಂಜೆಗೆ ಕೊಬ್ಬರಿ, ನಡುನಡುವೆ ಹುರಿದ ಕಡಲೇಕಾಯಿ. ಕೆಲಸದ ಮೇಲೆ ಮುಳಬಾಗಿಲಿಗೆ ಹೋದರೆ ಅಲ್ಲಿಯ ತುಪ್ಪದ ದೋಸೆಯನ್ನು ಔಷಧದಂತೆ ಭಾವಿಸಿ ಎರಡು ತಿನ್ನುತ್ತಿದ್ದೆ. ಮಾವು ಶುರುವಾದ ಮೇಲೆ ಅದೂ ಸೇರಿತು; ಮರದಿಂದ ಇಳಿದದ್ದಕ್ಕಿಂತ ಸಹಜವಾದ ಆಹಾರ ಇನ್ನಾವುದು? ತೂಕ ಮಾತ್ರ ನೋಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ ಪ್ಯಾಂಟು ಸಡಿಲವಾಗಿದೆ ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ಟೈಲರಿಗೆ ಕೊಟ್ಟು ಹೊಲಿಗೆ ಬಿಚ್ಚಿಸಿದ್ದೆ. ಅಕ್ಕನಿಗೂ ಪ್ರತಿ ಭಾನುವಾರ ಇದೇ ಪ್ಯಾಂಟಿನ ಕಥೆ ಹೇಳಿ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅವಳ ಮುಖ ಅರಳುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ಶನಿವಾರ ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಕೊಟ್ಟಿಗೆಯ ಬಾಗಿಲಲ್ಲಿ ಬೇವಿನಕಡ್ಡಿ ಅಗಿಯುತ್ತ ನಿಂತಿದ್ದೆ. ಅಕ್ಕ ಹಾಲು ಕರೆಯುತ್ತಿದ್ದವಳು, ಕೆಚ್ಚಲು ಬತ್ತುವ ಹೊತ್ತಿಗೆ ಕ್ಯಾನನ್ನು ಸರಿಸಿ ಒಂದು ಚೊಂಬು ಇಟ್ಟು, ಕೊನೆಯ ಹಾಲನ್ನು ಅದಕ್ಕೆ ಹಿಂಡಿಕೊಂಡಳು. ಎರಡನೇ ಹಸುವಿಗೂ ಹಾಗೇ ಮಾಡಿದಳು.

"ಅದ್ಯಾಕಕ್ಕ ಬೇರೆ?" ಎಂದೆ.

"ಇದು ನಿನ್ನ ಪಾಲು. ಮೊದಲ ಹಾಲು ತೆಳ್ಳಗಿರ್ತೈತೆ, ಬೆಣ್ಣೆಯೆಲ್ಲಾ ಇರೋದು ಕಡೇ ಹಾಲಲ್ಲೇ ಕಣೋ. ಡೈರಿಗೆ ಹಾಕೋ ಲೀಟರೂ ಬಹಳ ಕಮ್ಮಿ ಆಗಬಾರದು, ನಿಂಗೆ ತುಪ್ಪಾನೂ ಆಗಬೇಕು. ಎರಡೂ ಆಗ್ಲಿ ಅಂತ ಹಿಂಗೆ ಮಾಡ್ತೀನಿ" ಎಂದಳು.

ನನಗೆ ಅವಳ ಜಾಣತನಕ್ಕೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಕ್ಯಾನ್ ಎತ್ತಿಕೊಂಡು ಅವಳ ಜೊತೆ ಡೈರಿಗೆ ಹೊರಟೆ. ಸಾಲಿನಲ್ಲಿ ಹತ್ತು ಹದಿನೈದು ಜನ ಇದ್ದರು. ಅಕ್ಕ ಬಂದ ಕೂಡಲೇ ಮಾತು ನಿಂತಿತು. ಚಾಂದ್ ಪಾಷಾ ಒಂದು ಸೌಟು ಹಾಲು ತೆಗೆದು ಯಂತ್ರಕ್ಕಿಟ್ಟ, ನೋಡಿದ, ಇನ್ನೊಂದು ಸಲ ಇಟ್ಟ. ಆಮೇಲೆ ಯಾವಾಗಲೂ ಕೂಗಿ ಹೇಳುವವನು ಅಂದು ಮೆಲ್ಲಗೆ ಹೇಳಿದ: "ಮೂರು ಪಾಯಿಂಟ್ ಎರಡು, ಅಮ್ಮಾ."

ಹಿಂದೆ ನಿಂತಿದ್ದ ಎದುರುಮನೆ ಸೊಣ್ಣಮ್ಮ ಆಕಾಶ ನೋಡುತ್ತ ಪಕ್ಕದವಳಿಗೆ ತೆಲುಗಿನಲ್ಲಿ, "ಬೋರ್‌ಲೋ ನೀಳ್ಳು ಬಾಗಾ ವಸ್ತುನ್ನಾಯಂಟ" ಎಂದಳು. ಯಾರದೋ ಬೋರ್‌ವೆಲ್ಲಿನಲ್ಲಿ ನೀರು ಚೆನ್ನಾಗಿ ಬರುತ್ತಿದೆಯಂತೆ. ಕೇಳಿದವರಿಗೆ ಯಾರ ಬೋರ್‌ವೆಲ್ಲು, ಆ ನೀರು ಎಲ್ಲಿ ಸೇರುತ್ತಿದೆ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಇಬ್ಬರು ನಕ್ಕರು. ಚಾಂದ್ ಪಾಷಾ, "ಸುಮ್ನೆ ಏನೇನೋ ಹೇಳ್ಬೇಡಿ. ಲ್ಯಾಕ್ಟೋಮೀಟರ್ ಡಿಗ್ರಿ ಸರಿಯಾಗೈತೆ, ನೀರಿಲ್ಲ. ಫ್ಯಾಟ್ ಎಲ್ಲಿ ಹೋಗ್ತೈತೆ ಅಂತ ನಂಗೂ ತಿಳೀತಿಲ್ಲ. ನಾಲ್ಕೈದು ತಿಂಗಳಿಂದ ಹಿಂಗೇ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಅಕ್ಕನ ಮುಖ ನೋಡಿದೆ. ಜಗಳಕ್ಕೆ ನಿಂತರೆ ಅವಳನ್ನು ಗೆದ್ದವರಿಲ್ಲ. ನಮ್ಮ ಮನೆಯಲ್ಲಿ ಮಾತು ಕನ್ನಡ, ಕೋಪ ತೆಲುಗು. ಅವಳ ತೆಲುಗಿಗೆ ಭಾವ ಹೊಲದ ತನಕ ಓಡುತ್ತಾರೆ. ಅಂಥವಳು ತುಟಿ ಬಿಗಿಹಿಡಿದು ಖಾಲಿ ಕ್ಯಾನ್ ಎತ್ತಿಕೊಳ್ಳುತ್ತಿದ್ದಳು. ನಾನು ಮೆಲ್ಲಗೆ, "ತುಪ್ಪದ ವಿಷಯ ಹೇಳಕ್ಕ" ಎಂದೆ. ಅವಳು ನನ್ನ ಕಡೆ ತಿರುಗದೆ, "ಬಾಯ್ಮುಚ್ಕೊಂಡು ಬಾ. ಸರ್ಕಾರಿ ಕೆಲಸದಲ್ಲಿರೋ ತಮ್ಮ ಅಕ್ಕನ ಮನೆ ತುಪ್ಪ ಹೊತ್ಕೊಂಡೋಗ್ತಾನೆ ಅಂತ ಇವರ ಬಾಯಲ್ಲಿ ಬರೋದು ನಂಗೆ ಬೇಕಿಲ್ಲ" ಎಂದಳು.

ನಾಲ್ಕೈದು ತಿಂಗಳಿಂದ ಬೆಳಿಗ್ಗೆ ಸಂಜೆ ನನ್ನಕ್ಕ ಈ ಸಾಲಿನಲ್ಲಿ ನಿಂತು, ನೀರು ಹಾಕುವವಳು ಅನ್ನಿಸಿಕೊಂಡು, ಮನೆಗೆ ಹೋಗಿ ನನಗೆ ಬೆಣ್ಣೆ ಕಡೆದಿದ್ದಳು. ನಾನು ಅದನ್ನು ಮುದ್ದೆಯ ಗುಂಡಿಗೆ ಬಿಟ್ಟುಕೊಂಡು ನುಂಗಿದ್ದೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಆ ಕ್ಷಣ ಒಂದು ಕಿಲೋ ಇಳಿದಿದ್ದರೂ ಇಳಿದಿರಬಹುದು. ಬಾಯಲ್ಲಿದ್ದ ಬೇವಿನಕಡ್ಡಿ ಬಿಸಾಕಿ, "ಸ್ವಲ್ಪ ಕೇಳಿ" ಎಂದೆ. ಕಡೇ ಹಾಲಿನ ಚೊಂಬು, ವಾರದ ಡಬ್ಬಿ, ನನ್ನ ಪಥ್ಯ, ಎಲ್ಲವನ್ನೂ ಹೇಳಿದೆ. ಅಕ್ಕ ಕಣ್ಣಲ್ಲೇ ಹೊಡೆದಳು. ನಾನು ನಿಲ್ಲಿಸಲಿಲ್ಲ.

ಹೇಳಿ ಮುಗಿಸಿದರೆ ಯಾರೂ ನಂಬಲಿಲ್ಲ. ಸೊಣ್ಣಮ್ಮ, "ತಮ್ಮ ಅಲ್ವಾ, ಅಕ್ಕನ್ನ ಬಿಟ್ಕೊಡ್ತಾನಾ?" ಎಂದಳು. ನ್ಯಾಯವಾದ ಮಾತು. ಚಾಂದ್ ಪಾಷಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಗೋಡೆ ನೋಡಿದ. ಎಂಬತ್ತನಾಲ್ಕು ಎಂಬ ಅಂಕಿ ಅಲ್ಲೇ ಇತ್ತು. "ಹತ್ತಿ ಸಾರ್" ಎಂದು ತಕ್ಕಡಿ ತೋರಿಸಿದ.

ತೂಕ ನೋಡುವವರೆಲ್ಲ ಮುಳ್ಳು ಕೆಳಗಿರಲೆಂದು ಬೇಡಿಕೊಳ್ಳುತ್ತಾರೆ. ನಾನು ಕಣ್ಣುಮುಚ್ಚಿ, ದೇವರೇ, ಇದೊಂದು ಸಲ ಮೇಲೇರಲಿ ಎಂದು ಬೇಡಿಕೊಂಡೆ. ಎಲ್ಲಾದರೂ ಆ ವಿಡಿಯೋದವರ ಮಾತು ನಿಜವಾಗಿ ನಾನು ಇಳಿದುಹೋಗಿದ್ದರೆ ಅಕ್ಕನ ಹೆಸರು ಹೋದಂತೆಯೇ. ಆದರೆ ನನ್ನ ದೇಹ ಕೈಬಿಡಲಿಲ್ಲ. ಚಾಂದ್ ಪಾಷಾ ಈಗ ಊರಿಗೆಲ್ಲ ಕೇಳುವಂತೆ ಕೂಗಿದ: "ತೊಂಬತ್ತೊಂದು."

ಸಾಲಿನಲ್ಲಿ ಗುಸುಗುಸು ಎದ್ದಿತು. ಏಳು ಕಿಲೋ. ಸೊಣ್ಣಮ್ಮ ಹತ್ತಿರ ಬಂದು ಅಂಕಿ ನೋಡಿ, ನನ್ನನ್ನು ನೋಡಿ, ಕೊನೆಗೆ ಅಕ್ಕನ ಕಡೆ ತಿರುಗಿ, "ಹಂಗಾದ್ರೆ ನೀನು ನೀರು ಹಾಕಿಲ್ಲ ಬಿಡು" ಎಂದಳು. ಅಷ್ಟೇ. ನಮ್ಮ ಕಡೆ ಕ್ಷಮೆ ಕೇಳುವುದು ಅಂದರೆ ಅಷ್ಟೇ. ಸಂಜೆ ಅಕ್ಕ ಕಡೇ ಹಾಲನ್ನೂ ಸೇರಿಸಿ ಹಾಕಿದಳು. ನಾಲ್ಕು ಪಾಯಿಂಟ್ ಆರು ಬಂತು. ಮನೆ ಹತ್ತಿರ ಬಂದಾಗ, "ಏಮಿರಾ, ಸಡಿಲ ಆಗೈತೆ ಅಂತ ವಾರ ವಾರ ಸುಳ್ಳು ಹೇಳ್ದೆಯಲ್ಲೋ" ಎಂದಳು. ಆಮೇಲೆ ನಗು ತಡೆಯಲಾರದೆ ಕ್ಯಾನ್ ಕೆಳಗಿಟ್ಟಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಈಗ ಆ ಊರಿಗೆ ಒಂದು ನಿಯಮವಾಗಿಬಿಟ್ಟಿದೆ. ನಾನು ಅಕ್ಕನ ಮನೆಗೆ ಬಂದ ಭಾನುವಾರ ಡೈರಿಗೆ ಹೋಗಿ ತಕ್ಕಡಿ ಹತ್ತಲೇಬೇಕು. ನಾನು ಒಂದು ಕಿಲೋ ಏರಿದರೆ ಮುನಿರತ್ನಮ್ಮ ಮತ್ತೆ ಕಡೇ ಹಾಲು ತಡೆಯುತ್ತಿದ್ದಾಳೆ ಎಂದು ಅರ್ಥವಂತೆ. ಡಾಕ್ಟರು, ಪದ್ಮ, ಶಿವಾರಪಟ್ಟಣದ ಗೆಳೆಯ ಸೇರಿ ಮಾಡಲಾಗದ್ದನ್ನು ಸೊಣ್ಣಮ್ಮನ ಕಣ್ಣು ಮಾಡಿತು. ವಿಡಿಯೋದ ಎರಡನೇ ಅರ್ಧವನ್ನೂ ಕೂತು ನೋಡಿದೆ. ಮುದ್ದೆ ಎರಡರಿಂದ ಒಂದಾಯಿತು, ಆಮೇಲೆ ಅರ್ಧವಾಯಿತು. ತುಪ್ಪ ಒಂದು ಚಮಚಕ್ಕೆ ಬಂತು, ತರಕಾರಿ ಸೊಪ್ಪು ಹೆಚ್ಚಿತು. ಹೋಳೂರಿನಿಂದ ಊರಿಗೆ ಆಟೋ ಸಿಕ್ಕರೂ ನಡೆದೇ ಹೋಗುತ್ತೇನೆ. ಹೋದ ಭಾನುವಾರ ಚಾಂದ್ ಪಾಷಾ ಎಂಬತ್ತೆರಡು ಎಂದು ಕೂಗಿದಾಗ ಸೊಣ್ಣಮ್ಮ ಕೂಡ ತಲೆದೂಗಿದಳು. ಅಕ್ಕ ಸೆರಗು ಸರಿಮಾಡಿಕೊಂಡು ಎಲ್ಲರ ಮುಂದೆ ತಲೆಯೆತ್ತಿ ನಡೆದಳು.

ಮನೆಗೆ ಬಂದು ಊಟಕ್ಕೆ ಕೂತಾಗ ಅದೇ ಅಕ್ಕ ನನ್ನ ಕೆನ್ನೆ ಮುಟ್ಟಿ ನೋಡಿ, "ಎಂಥಾ ಮುಖ ಎಂಥದ್ದಾಗೋಯ್ತೋ, ಸೊರಗೋಗಿದ್ದೀಯ" ಎಂದು ಕಣ್ಣೊರೆಸಿಕೊಂಡು ತುಪ್ಪದ ಚಮಚ ಎತ್ತಿದಳು. ಬೇಡವೆಂದೆ, ಕೇಳಲಿಲ್ಲ. ನಿನ್ನ ಮರ್ಯಾದೆಯ ಪ್ರಶ್ನೆ ಅಕ್ಕ ಎಂದೆ, ಅದಕ್ಕೂ ಕೇಳಲಿಲ್ಲ. ಕೊನೆಗೆ ತಟ್ಟೆಯ ಮೇಲೆ ಎಡಗೈ ಅಡ್ಡ ಹಿಡಿದೆ. ತುಪ್ಪ ಪೂರ್ತಿ ಅಂಗೈ ಹಿಂಬದಿಯ ಮೇಲೆ ಬಿತ್ತು, ಮುದ್ದೆಗೆ ಒಂದು ಹನಿಯೂ ತಾಗಲಿಲ್ಲ. ಪಥ್ಯ ಉಳಿಯಿತು, ಅಕ್ಕನ ಹೆಸರೂ ಉಳಿಯಿತು. ಅವಳು ಸಾರು ತರಲು ಒಳಗೆ ಹೋದ ಮೇಲೆ ಸುತ್ತ ಒಮ್ಮೆ ನೋಡಿ ಕೈಯನ್ನು ಶುಭ್ರವಾಗಿ ನೆಕ್ಕಿಕೊಂಡೆ.