ಮಾವ ‘ಹೂಂ’ ಎನ್ನುವುದಿಲ್ಲ

ನನ್ನ ಸೋದರಮಾವ ಐದು ವರ್ಷಗಳಿಂದ ಹೊರಗಿನ ಯಾರಿಗೂ ‘ಹೌದು’ ಎಂದಿಲ್ಲ. ‘ಹೂಂ’ ಎಂದೂ ಇಲ್ಲ. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಬೇಕಾದರೆ ನ್ಯಾಮತಿಗೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರನ್ನು ನಿಲ್ಲಿಸಿ, “ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು ನೀವೇನಾ?” ಎಂದು ಕೇಳಿ ನೋಡಿ. “ಹಂಗಂತ ನಿಮಗೆ ಯಾರು ಹೇಳಿದ್ರು?” ಎಂಬ ಉತ್ತರ ಬರುತ್ತದೆ. ಆಮೇಲೆ ಅವರ ದೃಷ್ಟಿ ನಿಮ್ಮ ಜೇಬಿನಲ್ಲಿರುವ ಫೋನಿನ ಮೇಲೆ ನೆಡುತ್ತದೆ. ಅಷ್ಟಾದ ಮೇಲೆ ನೀವು ಹೊರಡುವುದೇ ಕ್ಷೇಮ.

ಅವರು ಹುಟ್ಟಾ ಹೀಗಿರಲಿಲ್ಲ. ಹಾಗೆ ನೋಡಿದರೆ ಅವರಷ್ಟು ಧಾರಾಳವಾಗಿ ‘ಹೂಂ’ ಎನ್ನುವವರು ಇಡೀ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅದಕ್ಕೆ ಕಾರಣ ನನ್ನ ಅತ್ತೆ, ಅಂದರೆ ಮಾವನ ಹೆಂಡತಿ. ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿ ಬೆಳೆದ ಆಕೆಗೆ ಮಾತೇ ಉಸಿರು. ಸಂಜೆ ಮೊರ ಮುಂದಿಟ್ಟುಕೊಂಡು ಶೇಂಗಾ ಬಿಡಿಸಲು ಕೂತರೆಂದರೆ ತವರಿನ ಕಥೆ ಶುರು. ಅವರ ಅಕ್ಕ, ಅಕ್ಕನ ಎಮ್ಮೆ, ಎಮ್ಮೆ ಹಾರಿದ ಬೇಲಿ, ಬೇಲಿಯ ಯಜಮಾನನ ಎರಡನೇ ಮದುವೆ! ಕಥೆ ಎಂದಮೇಲೆ ಹೂಂಗುಟ್ಟುವವರೊಬ್ಬರು ಬೇಡವೇ? ಆ ಹುದ್ದೆಯಲ್ಲಿ ಮಾವ ಮೂವತ್ತು ವರ್ಷ, ಒಂದು ದಿನವೂ ರಜೆ ಹಾಕದೆ ದುಡಿದರು. ದಿನಪತ್ರಿಕೆಯಿಂದ ತಲೆ ಎತ್ತದೆ, ಎರಡು ವಾಕ್ಯಕ್ಕೆ ಒಂದರಂತೆ ‘ಹೂಂ’. ಕೇಳುತ್ತಿದ್ದರೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅದನ್ನು ಅತ್ತೆಯೂ ಕೇಳಿರಲಿಲ್ಲ.

ಈ ಅಭ್ಯಾಸವೇ ಅವರನ್ನು ಕೆಡವಿತು. ಒಂದು ಸಂಜೆ ಫೋನ್ ಬಂತು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ.

“ಅಭಿನಂದನೆಗಳು ಸರ್! ಇಡೀ ತಾಲ್ಲೂಕಿನಲ್ಲಿ ನಿಮ್ಮೊಬ್ಬರ ನಂಬರ್ ಆಯ್ಕೆಯಾಗಿದೆ!”

“ಹೂಂ.”

“ಮನೆಯಲ್ಲಿ ಎಲ್ಲರೂ ಓದ್ತೀರಾ ಸರ್?”

“ಹೂಂ.”

“ನಮ್ಮ ಐದು ಮಾಸಪತ್ರಿಕೆಗಳನ್ನು ಪರಿಚಯಕ್ಕಾಗಿ ಉಚಿತವಾಗಿ ಕಳಿಸ್ತೀವಿ ಸರ್.” ಇಷ್ಟನ್ನು ನಿಧಾನವಾಗಿ ಹೇಳಿದ ಆ ದನಿ, ನಿಯಮಗಳನ್ನು ಮಾತ್ರ ಸಂತೆಯಲ್ಲಿ ಹರಾಜು ಕೂಗುವವನ ವೇಗದಲ್ಲಿ ಓದಿ ಮುಗಿಸಿ, “ಒಪ್ಪಿಗೆಯೇ ಸರ್?” ಎಂದಿತು.

ಎರಡು ವಾಕ್ಯವಾಗಿತ್ತಲ್ಲ! “ಹೂಂ.”

ಮುಂದಿನ ತಿಂಗಳು ಅಂಚೆಯವರು ಒಂದು ಕಟ್ಟು ಇಳಿಸಿ ಹೋದರು. ಸೌಂದರ್ಯ, ರಾಶಿಫಲ, ಷೇರುಪೇಟೆ, ಕೈತೋಟ, ಕೊನೆಯದಾಗಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಕಲೆ. ಜೊತೆಗೆ ಐದು ವರ್ಷದ ಚಂದಾ ಬಿಲ್ಲು. ಮಾವ ಬೇಡವೆಂದು ಕಾಗದ ಬರೆದರೆ, ಕೋರ್ಟಿನ ಸಮನ್ಸಿಗೆ ಅವಳಿಯಂತಿದ್ದ, ಕೆಂಪು ಮುದ್ರೆಯ ‘ಅಂತಿಮ ಎಚ್ಚರಿಕೆ’ ಬಂತು. ಕೆಂಡವಾಗಿ ಫೋನ್ ಮಾಡಿದರು. ಆ ಕಡೆಯವರು ಸಿಟ್ಟಾಗಲಿಲ್ಲ. ಪರಮ ವಿನಯದಿಂದ ರೆಕಾರ್ಡ್ ಹಾಕಿ ಕೇಳಿಸಿದರು.

“ನಂದೇ ಹೂಂ ಕಣೋ!” ಎಂದು ಮಾವ ನನ್ನ ಮುಂದೆ ಹಣೆ ಹಣೆ ಚಚ್ಚಿಕೊಂಡರು. “ಸ್ಪಷ್ಟವಾಗಿ ನಂದೇ! ನನ್ನ ಬಾಯಿಂದ ಹೋಗಿದ್ದು ನನ್ನ ಮ್ಯಾಲೇ ಸಾಕ್ಷಿ ಹೇಳಾಕೆ ನಿಂತೈತೆ!”

ಮರ್ಯಾದೆಗೆ ಅಂಜಿ ಚಂದಾ ಕಟ್ಟಿದರು. ಅಂದೇ ಪ್ರತಿಜ್ಞೆಯಾಯಿತು. ಇನ್ನು ಒಪ್ಪಿಗೆಯ ಯಾವುದೇ ಸದ್ದು ಈ ಗಂಟಲಿನಿಂದ ಹೊರಡಕೂಡದು!

ಪರಿಣಾಮವನ್ನು ನಾವು ಬಂಧುಗಳು ಅನುಭವಿಸಿದೆವು. ಹೊನ್ನಾಳಿಯ ನಮ್ಮ ಮನೆಗೆ ಬರಲು ಬಸ್ ಹತ್ತುತ್ತಾರೆ. “ಹೊನ್ನಾಳೀನಾ ಯಜಮಾನ್ರೇ?” ಎಂದು ಕಂಡಕ್ಟರ್ ಕೇಳಿದರೆ, “ಬೋರ್ಡಿನಾಗೆ ಏನು ಬರೆದೀರಿ, ನೀವೇ ಓದ್ಕಳ್ರಿ” ಎನ್ನುತ್ತಾರೆ. ಜಗಳೂರಿನ ದೂರದ ನೆಂಟರ ಲಗ್ನಪತ್ರಿಕೆ ಬಂದಾಗ ಅದನ್ನು ಬಿಸಿಲಿಗೆ ಹಿಡಿದು ಅರ್ಧ ಗಂಟೆ ಪರೀಕ್ಷಿಸಿದರು. “ಇಷ್ಟೊಂದು ಪ್ರೀತಿಯಿಂದ ಕರೀತಾರೆ ಅಂದ್ರೆ ಏನೋ ಐತೆ” ಎಂದು, ಚಪ್ಪರ ನಿಜವಾಗಿಯೂ ಎದ್ದಿದೆಯೇ ಎಂದು ನೋಡಿಬರಲು ಮೊದಲು ನನ್ನನ್ನು ಕಳಿಸಿದರು! ನಾನು ಎರಡನೇ ಪಂಕ್ತಿಯಲ್ಲಿ ಕೂತು, ಹೋಳಿಗೆಯ ಫೋಟೊ ಕಳಿಸಿದ ಮೇಲೆಯೇ ಅವರು ಮನೆ ಬಿಟ್ಟದ್ದು.

ಪತ್ರಿಕೆಯವರೂ ಸುಮ್ಮನಿರಲಿಲ್ಲ. ‘ನೀವು ಕಾರು ಗೆದ್ದಿರಬಹುದು’ ಎಂದು, ಬಂಗಾರದ ಬಣ್ಣದ ರಟ್ಟಿನ ಕೀಲಿ ಅಂಟಿಸಿದ ಲಕೋಟೆ ಬಂತು. ಮಾವ ಕೀಲಿ ಕಿತ್ತು ಮೊಳೆಗೆ ನೇತುಹಾಕಿ, ಒಂದು ಕಾರ್ಡು ಬರೆದರು: “ಕೀಲಿ ತಲುಪಿರಬಹುದು. ಕಾರನ್ನು ಬಸ್ ಸ್ಟ್ಯಾಂಡಿನ ಹಿಂದೆ ನೆರಳಿನಲ್ಲಿ ನಿಲ್ಲಿಸಿ ಹೋಗುವುದು.”

ಎಲ್ಲಕ್ಕೂ ಶಿಖರಪ್ರಾಯವಾದದ್ದು ನನ್ನ ತಮ್ಮನಿಗೆ ಚನ್ನಗಿರಿಯಲ್ಲಿ ಹೆಣ್ಣು ನೋಡಿದ ಪ್ರಸಂಗ. ಉಪ್ಪಿಟ್ಟಾಯಿತು, ಕಾಫಿಯಾಯಿತು. ಹುಡುಗಿಯ ತಂದೆ ಹಿರಿಯರಾದ ಮಾವನ ಕಡೆ ತಿರುಗಿ ಕೈ ಮುಗಿದರು. “ನಿಮಗೆ ಒಪ್ಪಿಗೇನಾ ರೀ?”

ಮಾವ ಮೇಜಿನ ಮೇಲಿದ್ದ ಫೋನನ್ನೇ ದಿಟ್ಟಿಸಿದರು. “ಮೊದ್ಲು ಅದನ್ನ ಮಗುಚಿ ಇಡ್ರಿ.”

ಮಗುಚಿದರು.

“ಬ್ಯಾಡ ಅನ್ನಾಕೆ ನಂಗೇನೂ ಕಾರಣ ಕಾಣವಲ್ದು” ಎಂದು ತೀರ್ಪು ಕೊಟ್ಟರು.

ಮದುವೆಯೇನೋ ಆಯಿತು. ಆದರೆ ಇಂದಿಗೂ ಜಗಳ ಬಂದಾಗಲೆಲ್ಲ ತಮ್ಮನ ಹೆಂಡತಿ, “ನನ್ನನ್ನ ಈ ಮನೇಲಿ ಇನ್ನೂ ಯಾರೂ ಒಪ್ಪೇ ಇಲ್ಲ, ಗೊತ್ತೇನ್ರಿ!” ಎನ್ನುತ್ತಾಳೆ. ಕಾನೂನಿನ ಪ್ರಕಾರ ಅವಳ ಮಾತಿನಲ್ಲಿ ಹುರುಳಿದೆ.

ನಾವೆಲ್ಲ ನಕ್ಕೆವು. ನಗದಿದ್ದವರು ಅತ್ತೆ ಒಬ್ಬರೇ. ಕಥೆಗೆ ಹೂಂ ನಿಂತುಹೋಗಿತ್ತಲ್ಲ!

“ಅಲ್ರೀ, ನಾನೇನು ಪತ್ರಿಕೆ ಮಾರಾಕೆ ಬಂದೀನೇನ್ರಿ?” ಎಂದು ಅವರು ರೇಗಿದರು.

“ನೀನಲ್ಲ. ಮನ್ಯಾಗೆ ಅಭ್ಯಾಸ ಉಳಿದ್ರೆ ಫೋನಿನಾಗೆ ಜಾರ್ತೈತೆ.”

ಅತ್ತೆ ಸ್ವಲ್ಪ ದಿನ ಗೋಡೆಗೆ ಹೇಳಿದರು. ಆಮೇಲೆ ಕಥೆಗಳು ಗಿಡ್ಡವಾದವು. ಎಮ್ಮೆ ಬೇಲಿಯತನಕ ಹೋಗುತ್ತಿತ್ತು, ಹಾರುತ್ತಿರಲಿಲ್ಲ. ಈ ವರ್ಷ ಸಾಸ್ವೆಹಳ್ಳಿಯ ಆ ಅಕ್ಕ ತೀರಿಕೊಂಡರು. ತಿಥಿ ಮುಗಿಸಿ ಬಂದ ಅತ್ತೆ, “ಊಟಕ್ಕೆ ಬರ್ರಿ” ಎಂಬುದೊಂದನ್ನು ಬಿಟ್ಟು ಬೇರೆ ಮಾತನ್ನೇ ಆಡಲಿಲ್ಲ. ಅಳಲೂ ಇಲ್ಲ. ವಾರ ಕಳೆಯಿತು. ಎರಡು ವಾರವಾಯಿತು. ಮಾವ ನನಗೆ ಫೋನ್ ಮಾಡಿದರು. ಆ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಭಯವಿತ್ತು. “ನಿಮ್ಮತ್ತೆ ಮಾತು ಬಿಟ್ಟಾಳೋ. ಶೇಂಗಾ ಬಿಡಿಸೋದನ್ನೂ ಬಿಟ್ಟಾಳೆ. ಒಂದೀಟು ಬಂದು ಮಾತಾಡ್ಸೋ.”

ನಾನು ಹೋದಾಗ ಮಾವನೇ ಮೊರದ ಮುಂದೆ ಕೂತು, ಹಸುವಿಗೆ ಇಂಜೆಕ್ಷನ್ ಕೊಡುವ ಗಾಂಭೀರ್ಯದಿಂದ ಶೇಂಗಾ ಬಿಡಿಸುತ್ತಿದ್ದರು. ಅತ್ತೆ ಎದುರಿಗೆ ಕೂತು ಕಿಟಕಿ ನೋಡುತ್ತಿದ್ದರು. ನಾನು ಮಳೆ, ಬೆಳೆ, ಬಸ್ ಚಾರ್ಜು ಎಲ್ಲವನ್ನೂ ಮಾತಾಡಿ ಸೋತೆ.

ಅಷ್ಟರಲ್ಲಿ ಫೋನ್. ನಾನೇ ಸ್ಪೀಕರಿಗೆ ಹಾಕಿ ಮಾವನ ಮುಂದಿಟ್ಟೆ. ಅದೇ ಜೇನಿನ ದನಿ! ಐದು ವರ್ಷ ಮುಗಿದಿತ್ತು.

“ಸರ್, ಈ ಕರೆ ರೆಕಾರ್ಡ್ ಆಗುತ್ತಿದೆ...” ಎಂದು ಆರಂಭಿಸಿ ದನಿ ನಿಯಮಗಳನ್ನು ಹರಾಜಿನ ವೇಗದಲ್ಲಿ ಓದತೊಡಗಿತು. ಮಾವನ ಬೆನ್ನು ನೆಟ್ಟಗಾಯಿತು. ಐದು ವರ್ಷ ಅವರು ಒಂದು ‘ಬ್ಯಾಡ’ವನ್ನು ಸಾಣೆ ಹಿಡಿದು ಕಾದದ್ದು ಈ ಒಂದು ಗಳಿಗೆಗಾಗಿ. ನೀನೇ ಸಾಕ್ಷಿ ಎಂಬಂತೆ ನನ್ನ ಕಡೆ ನೋಡಿದರು.

“ಮುಂದಿನ ಐದು ವರ್ಷಕ್ಕೂ ಮುಂದುವರಿಸಲು ಒಪ್ಪಿಗೆಯೇ ಸರ್?”

ಮಾವ ಗಂಟಲು ಸರಿಮಾಡಿಕೊಂಡರು.

ಅತ್ತೆಯ ಕೈ ಮೊರಕ್ಕೆ ಬಂತು. ಒಂದು ಶೇಂಗಾ ಎತ್ತಿಕೊಂಡಿತು. “ನಮ್ಮಕ್ಕ ಒಂದ್ಸಲ ಎಮ್ಮೆ ಬಾಲ ಹಿಡ್ಕಂಡು ಹೊಳೆ ದಾಟಿದ್ಲು” ಎಂದರು, ಯಾರನ್ನೂ ನೋಡದೆ. ಆಮೇಲೆ ನಿಲ್ಲಿಸಿ, ತೀರ ಸಣ್ಣ ದನಿಯಲ್ಲಿ, “ಕೇಳ್ತಿದೀರೇನ್ರಿ?” ಎಂದರು.

ಮಾವ ಫೋನ್ ನೋಡಿದರು. ಅದನ್ನು ಕಟ್ ಮಾಡಲು ಅವರಿಗೆ ಕನ್ನಡಕ ಬೇಕು, ಕನ್ನಡಕ ಒಳಗಿನ ಕೋಣೆಯಲ್ಲಿತ್ತು. ಅತ್ತೆಯನ್ನು ನೋಡಿದರು.

“ಹೂಂ.”

“ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ. ನಡು ಹೊಳೆಗೆ ಹೋದ್ಲು...” ಅತ್ತೆಯ ಕಣ್ಣಿನಿಂದ ಎರಡು ವಾರದ ನೀರು ಇಳಿಯತೊಡಗಿತು.

“ಹೂಂ.”

“ಧನ್ಯವಾದಗಳು ಸರ್! ನಿಮ್ಮ ಒಪ್ಪಿಗೆ ದಾಖಲಾಗಿದೆ!” ಎಂದಿತು ಫೋನು.

ನಾನು ಗಾಬರಿಯಿಂದ ಅದರತ್ತ ಕೈ ಚಾಚಿದೆ. ಮಾವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

“ಸುಮ್ಕಿರೋ” ಎಂದರು ಪಿಸುದನಿಯಲ್ಲಿ. “ಎಮ್ಮೆ ಇನ್ನೂ ನಡು ಹೊಳೆಯಾಗೈತೆ.”