ಮೂರು ಬಣ್ಣದ ಟ್ಯಾಬ್ ಸಾಹೇಬರಿಗೆ, ಚರಗದ ಬಕೆಟ್ಟಿನ ವಿಷಯವಾಗಿ

ಮಾನ್ಯರೇ,

ಗಡಿಯಂಚಿನ ನಾಗಲಗಿದ್ದ ಮಂಡಲದ ಒಂದು ಸಣ್ಣ ಊರಿನಿಂದ ಪೀರಪ್ಪ ಎಂಬ ಅರವತ್ತೊಂಬತ್ತು ವರ್ಷದ ರೈತ ತಮ್ಮ ಸನ್ನಿಧಿಗೆ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ, ತಮ್ಮ ಬ್ಯಾಟರಿ ತುಂಬಿದೆ, ತಮ್ಮ ಗಾಜಿನ ಮೇಲೆ ಯಾವ ಮಗುವಿನ ಬೆಲ್ಲದ ಬೆರಳೂ ಮೂಡಿಲ್ಲ ಎಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ತೊಗರಿ ರಾಶಿ ಮುಗಿದಿದೆ, ಜೋಳ ತೆನೆಗೆ ಬಂದಿದೆ, ನನ್ನ ಮಂಡಿ ಮಾತ್ರ ಯಾವ ಕೆಲಸಕ್ಕೂ ಬರುತ್ತಿಲ್ಲ.

ಒಬ್ಬ ರೈತನ ಪತ್ರ ಇಷ್ಟು ಇಸ್ತ್ರಿ ಹಾಕಿದಂತೆ ಇರುವುದು ಹೇಗೆ ಎಂದು ತಾವು ಆಶ್ಚರ್ಯಪಡಬಾರದು. ತಾಂಡೂರಿನಲ್ಲಿ ಹಾಸುಗಲ್ಲು ಮಾರುವ ಒಂದು ಅಂಗಳದಲ್ಲಿ ಮೂವತ್ತೊಂದು ವರ್ಷ ನಾನು ಮುನೀಮನಾಗಿದ್ದೆ, ಮಾಲೀಕರ ಪರವಾಗಿ 'ಮಾನ್ಯರೇ' ಎಂದು ಬರೆದೂ ಬರೆದೂ ಬೆರಳಿಗೆ ಅದೇ ಅಭ್ಯಾಸವಾಗಿದೆ. ಆ ಅಂಗಳದಲ್ಲಿ ನನಗೊಂದು ಹೆಸರಿತ್ತು ಎಂದು ಹೇಳಿಕೊಂಡರೆ ತಾವು ಜಂಭ ಎಂದು ತಿಳಿಯಬಾರದು. ಬೀದರ, ಹುಮನಾಬಾದದ ಗಿರಾಕಿಗಳು ಕಲ್ಲನ್ನು ಮುಟ್ಟಿ ನೋಡುವ ಮೊದಲು ನನ್ನ ಮುಖ ನೋಡುತ್ತಿದ್ದರು, ಪೀರಪ್ಪ ಹ್ಞೂಂ ಎಂದರೆ ಲಾರಿ ತುಂಬುತ್ತಿತ್ತು. ಈ ಸಂಗತಿ ಮುಂದೆ ಬೇಕಾಗುತ್ತದೆ, ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಿ, ತಮಗೆ ನೆನಪಿನ ಕೊರತೆ ಇಲ್ಲವೆಂದು ಕೇಳಿದ್ದೇನೆ.

ಈಗ ದೂರಿಗೆ ಬರುತ್ತೇನೆ. ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರ, ತಮ್ಮನ್ನು ಬೆನ್ನುಚೀಲದಲ್ಲಿ ಹೊತ್ತುಕೊಂಡು ಇಬ್ಬರು ಸಂಶೋಧಕರು ನಾರಾಯಣಖೇಡದಲ್ಲಿ ನನ್ನ ಮೊಮ್ಮಗಳು ನೇಹಾ ಆರನೆಯ ತರಗತಿ ಓದುವ ಶಾಲೆಗೆ ಬಂದರು. ನಾನಾ ದೇಶದ ಮಕ್ಕಳು ಸರಿ ತಪ್ಪನ್ನು ಹೇಗೆ ಯೋಚಿಸುತ್ತಾರೆ, ತಮ್ಮ ಹಕ್ಕು ಯಾವುದೆಂದು ಹೇಗೆ ಅರಿಯುತ್ತಾರೆ ಎಂದು ತಿಳಿಯುವ ಕೆಲಸವಂತೆ. ತಾವು ಒಂದೊಂದು ಪುಟ್ಟ ಕಥೆ ತೋರಿಸುವುದು, ಮಕ್ಕಳು ಮೂರು ಬಣ್ಣಗಳಲ್ಲಿ ಒಂದನ್ನು ಒತ್ತುವುದು. ನಿಯಮ ಇರಲಿ ಬಿಡಲಿ, ಎಲ್ಲಿ ಮಾಡಿದರೂ ತಪ್ಪು ಎನ್ನುವುದಾದರೆ ಕೆಂಪು. ಇಲ್ಲಿ ಹಾಗೊಂದು ನಿಯಮ ಇರುವುದರಿಂದಷ್ಟೇ ತಪ್ಪು, ನಾಳೆ ಎಲ್ಲರೂ ಕೂಡಿ ಬದಲಿಸಿದರೆ ತಪ್ಪಲ್ಲ ಎನ್ನುವುದಾದರೆ ಹಳದಿ. ಅದು ಅವರವರ ಇಷ್ಟ, ಉಳಿದವರು ಬಾಯಿ ಹಾಕಬಾರದು ಎನ್ನುವುದಾದರೆ ಹಸಿರು. ಎಲ್ಲ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಪೆನ್ಸಿಲ್ ಕೊಟ್ಟು, ಯಾವ ಬಣ್ಣವನ್ನು ಎಷ್ಟು ಮಂದಿ ಒತ್ತಿದರೆಂದು ಸಂಕ್ರಾಂತಿಯೊಳಗೆ ಬಂದು ತಿಳಿಸುತ್ತೇವೆ ಎಂದು ಹೇಳಿ, ತಮ್ಮನ್ನು ಎತ್ತಿಕೊಂಡು ಹೈದರಾಬಾದ್ ಬಸ್ಸು ಹತ್ತಿದರು.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಐದು ವರ್ಷ ತಿದ್ದಿದರೂ ಒಂಬತ್ತರ ಮಗ್ಗಿ ತಲೆಗೆ ಹತ್ತದ ಹುಡುಗಿಗೆ ತಾವು ಕಲಿಸಿದ್ದು ಒಂದೇ ಮಧ್ಯಾಹ್ನದಲ್ಲಿ ಹತ್ತಿತು. ಆ ವಾರವೇ ಅವರ ಬಾಲಮಣಿ ಟೀಚರು ಯಾರೋ ಒಬ್ಬ ಮಾಡಿದ ಗದ್ದಲಕ್ಕೆ ಇಡೀ ತರಗತಿಯನ್ನು ನಿಲ್ಲಿಸಿದರಂತೆ. ತೆಲುಗಿನವರು, ಉರ್ದುವಿನವರು, ಮರಾಠಿಯವರು, ನಮ್ಮ ಕನ್ನಡದವರು, ಊಟದ ಡಬ್ಬಿಯಲ್ಲಿ ಏನಿರಬೇಕು ಏನಿರಬಾರದು ಎನ್ನುವುದರಲ್ಲಿ ಎಂದೂ ಒಮ್ಮತಕ್ಕೆ ಬಾರದ ಆ ಮಕ್ಕಳು, ಒಬ್ಬನ ತಪ್ಪಿಗೆ ಎಲ್ಲರಿಗೂ ಶಿಕ್ಷೆ ಕೊಡುವುದು ಕೆಂಪು ಎಂದು ನಾಲ್ಕೂ ಭಾಷೆಯಲ್ಲಿ ಒಟ್ಟಿಗೆ ಹೇಳಿದರಂತೆ. ಟೀಚರು ಒಳ್ಳೆಯ ಹೆಣ್ಣುಮಗಳು, ಒಪ್ಪಿ ಎಲ್ಲರನ್ನೂ ಕೂರಿಸಿದರು.

ಅಲ್ಲಿಗೇ ನಿಂತಿದ್ದರೆ ನಾನು ತಮಗೆ ಕಾಯಿ ಒಡೆಸುತ್ತಿದ್ದೆ. ಆದರೆ ಬಣ್ಣಗಳು ಮನೆಗೆ ಬಂದವು. ಶಾಲೆಯ ಚೀಲವನ್ನು ಕೇಳದೆ ತೆಗೆದು ನೋಡುವುದು ನೇಹಾಳ ಹಸಿರಿನ ಮೇಲೆ ಕಾಲಿಟ್ಟಂತೆ ಎಂದು ಅವಳ ಅಪ್ಪನಿಗೆ ತಿಳಿಸಲಾಯಿತು. ಊಟಕ್ಕೆ ಗಂಡಸರು ಮೊದಲು ಕೂರುವುದು ಹಳದಿ ಎಂದು ತೀರ್ಮಾನವಾಗಿ, ಎರಡೇ ದಿನದಲ್ಲಿ ಬದಲಾಯಿತು, ನನ್ನ ಪಾಲಿನ ಬಿಸಿ ರೊಟ್ಟಿ ಅಂದಿನಿಂದ ಕೈತಪ್ಪಿತು. ನನ್ನ ಹೆಂಡತಿ ಚಂದ್ರಾಬಾಯಿ, ನಲವತ್ತೈದು ವರ್ಷ ನನ್ನ ಮಾತಿಗೆ ತಲೆಯಾಡಿಸಿದವಳು, ತನ್ನ ಚಹಾಕ್ಕೆ ಎಷ್ಟು ಸಕ್ಕರೆ ಎನ್ನುವುದು ಹಸಿರು ಎಂದು ಒಂದು ಬೆಳಿಗ್ಗೆ ನಿಧಾನವಾಗಿ ಹೇಳಿ ಮೂರನೆಯ ಚಮಚ ಹಾಕಿಕೊಂಡಳು. ಇದನ್ನೆಲ್ಲ ನಾನು ಸಹಿಸಿಕೊಂಡೆ, ಒಳಗೊಳಗೆ ಖುಷಿಯೂ ಪಟ್ಟೆ ಎಂದು ಒಪ್ಪುತ್ತೇನೆ.

ಸಹಿಸಲಾರದ್ದು ನಡೆದದ್ದು ಎಳ್ಳಮಾವಾಸ್ಯೆಯ ದಿನ. ತಮಗೆ ಹೊಲವಿಲ್ಲದ ಕಾರಣ ವಿವರಿಸಬೇಕಾಗಿದೆ. ಅಂದು ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ, ಜೋಳದ ದಂಟಿನ ಗೂಡಿನಲ್ಲಿ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜಿಸುತ್ತೇವೆ, ಆಮೇಲೆ ಕಡಬು, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅನ್ನ ಎಲ್ಲ ಕಲಸಿ ಬಕೆಟ್ಟಿನಲ್ಲಿ ಹೊತ್ತು ಭೂಮಿತಾಯಿಗೆಂದು ಹೊಲದ ಸುತ್ತ ಚೆಲ್ಲುತ್ತೇವೆ. ಅದೇ ಚರಗ. ಚೆಲ್ಲುವವರು ಮುಂದೆ ಹೋಗುತ್ತಾ ಕೂಗು ಹಾಕಬೇಕು, ಹಿಂದೆ ಬರುವವರು ಅದಕ್ಕೆ ದನಿ ಕೊಡಬೇಕು. ನಮ್ಮಲ್ಲಿ ಬಕೆಟ್ಟು ಹಿಡಿಯುವುದು ಗಂಡಸರು. ಈ ವರ್ಷ ಜೋಳ ಬಿತ್ತುವಾಗ ನನ್ನ ಮಂಡಿ ಕೈಕೊಟ್ಟಿತು, ಇಪ್ಪತ್ತು ದಿನ ಶಾಲೆ ಬಿಟ್ಟ ಕೂಡಲೇ ನೇಹಾ ನೀರು ಹೊತ್ತು ಹೊಲಕ್ಕೆ ಬಂದಳು. ಒಂದು ಸಂಜೆ ಬದುವಿನ ಮೇಲೆ ಕೂತು ನೀರು ಕುಡಿದು, ಮನಸ್ಸು ತಂಪಾಗಿ, ಈ ಸಲ ಚರಗ ನೀನೇ ಚೆಲ್ಲು ಎಂದುಬಿಟ್ಟೆ. ಅವಳು ವಾರಗಟ್ಟಲೆ ಖಾಲಿ ಬಕೆಟ್ಟು ಹಿಡಿದು ಅಂಗಳ ಸುತ್ತಿ ಕೂಗು ಕಲಿತಳು, ಕೊನೆಗೆ ಅವಳು ಬಕೆಟ್ಟು ಎತ್ತಿದರೆ ಕೋಳಿಗಳು ತಾವಾಗಿಯೇ ಸಾಲಾಗಿ ಹಿಂದೆ ಹೋಗುತ್ತಿದ್ದವು.

ಅಮಾವಾಸ್ಯೆಗೆ ತಾಂಡೂರಿನಿಂದ ನನ್ನ ತಂಗಿ ನಾಗರತ್ನಾ, ತನ್ನ ಹದಿನಾಲ್ಕು ವರ್ಷದ ಮೊಮ್ಮಗ ಅಮೋಘಸಿದ್ದನನ್ನು ಕರೆದುಕೊಂಡು ಬಂದಳು. ನೇಹಾ ಬಕೆಟ್ಟು ಎತ್ತಿದ್ದೇ ತಡ, "ಹೆಣ್ಣ ಹುಡುಗಿ ಚರಗಾ ಚೆಲ್ಲೂದು ನಾ ಎಲ್ಲೂ ನೋಡಿಲ್ಲಪಾ ಅಣ್ಣಾ, ನಾಕ ಮಂದಿ ನೋಡಿದ್ರ ಏನಂತಾರ" ಎಂದಳು. ನಾನು ನೇಹಾಳ ಕೈಯಿಂದ ಬಕೆಟ್ಟು ತೆಗೆದು ಅಮೋಘಸಿದ್ದನಿಗೆ ಕೊಟ್ಟೆ. ಅವನು "ನಂಗ ಬರಂಗಿಲ್ರಿ" ಎಂದು ಎರಡು ಸಲ ಹೇಳಿದ, ಅದನ್ನೂ ಕೇಳಿಸಿಕೊಳ್ಳಲಿಲ್ಲ. ಅವನು ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಕೂಗು ಗೊತ್ತಿಲ್ಲದೆ ಬಾಯಿ ಮುಚ್ಚಿಕೊಂಡು, ಅರ್ಧ ಹೊಲ ಸುತ್ತಿ, ಮುಳ್ಳು ಚುಚ್ಚಿತೆಂದು ಉತ್ತರದ ಮೂಲೆಯನ್ನು ಹಾಗೇ ಬಿಟ್ಟು ಬಂದ. ಆ ನಾಲ್ಕು ಮಂದಿ ಯಾರೆಂದು ಆಮೇಲೆ ನೋಡಿದೆ. ಪಕ್ಕದ ಹೊಲದಲ್ಲಿ ಕಾಶಪ್ಪ, ರಾಮುಲು ಇಬ್ಬರೂ ಭಜ್ಜಿ ಉಂಡು ಮಲಗಿದ್ದರು, ಎಚ್ಚರವಿದ್ದದ್ದು ಅವರ ಎತ್ತುಗಳು.

ನೇಹಾ ಅಳಲಿಲ್ಲ. ಅತ್ತಿದ್ದರೆ ಜಹೀರಾಬಾದಿಗೆ ಕರೆದೊಯ್ದು ಕಬ್ಬಿನ ಹಾಲು ಕುಡಿಸಿ ಮುಗಿಸಬಹುದಿತ್ತು. ಅವಳು ನನ್ನ ಎದುರಿಗೆ ಕೂತು, ತಾವು ಕಲಿಸಿದ ಹಾಗೆಯೇ, ಬಿಡಿಸಿ ಬಿಡಿಸಿ ಹೇಳಿದಳು. "ಹುಡುಗ್ಯಾರು ಚರಗಾ ಚೆಲ್ಲಬಾರ್ದು ಅನ್ನೂದು ಹಳದಿ ಮುತ್ಯಾ. ಮಂದಿ ಮಾಡಿದ್ದು, ಮಂದಿ ಬ್ಯಾಡಂದ್ರ ಹೋಗ್ತದ, ಅದಕ್ಕ ನಂಗ ಸಿಟ್ಟಿಲ್ಲ. ಅಮೋಘನ್ನ ಕೇಳಲಾರದ ಅವನ ಕೈಯಾಗ ಕೊಟ್ಟಿ, ಅದು ಅವನ ಹಸಿರು. ನೀ ಮಾತು ಕೊಟ್ಟು ಮುರದಿದ್ದು ಕೆಂಪ. ಅದು ಜಪಾನದಾಗೂ ಕೆಂಪ."

ಮಾನ್ಯರೇ, ಒಂದೇ ಬಕೆಟ್ಟಿನಿಂದ ಮೂರೂ ಬಣ್ಣ ಕೆಡಿಸಿದ ಮುದುಕ ತಮ್ಮ ಲೆಕ್ಕದಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ತಿಳಿಸಿದರೆ ಉಪಕಾರವಾದೀತು, ಅವನ ಜೊತೆ ಪತ್ರವ್ಯವಹಾರ ಮಾಡುವ ಆಸೆಯಿದೆ. ಅಂದಿನಿಂದ ನಾನು ನಾಳೆ ಪೇಟೆಯಿಂದ ಪೇರಲ ತರುತ್ತೇನೆ ಎಂದರೂ ಅವಳು ಒಳಗೆ ಹೋಗಿ ಚಂದ್ರಾಬಾಯಿಯನ್ನು ಸಾಕ್ಷಿಗೆ ಕರೆದುಕೊಂಡು ಬರುತ್ತಾಳೆ. ಒಂದು ಹ್ಞೂಂಗೆ ಲಾರಿ ತುಂಬಿಸಿದವನ ಮಾತು ಇಂದು ಎರಡು ಪೇರಲ ಹಣ್ಣಿಗೆ ಸಾಲುತ್ತಿಲ್ಲ. ನಗುತ್ತಾ ಬರೆಯುತ್ತಿದ್ದೇನೆ, ಆದರೆ ಸಾಕ್ಷಿಗೆಂದು ಚಂದ್ರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತಾಗಲೆಲ್ಲ ನನಗೆ ನಿಜವಾಗಿ ನೋವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಹಿರಿಯರ ಅನುಕೂಲಕ್ಕಾಗಿ ಬೂದಿ ಬಣ್ಣದ ನಾಲ್ಕನೆಯ ಗುಂಡಿಯೊಂದನ್ನು ದಯಪಾಲಿಸಬೇಕು, ಅದರ ಮೇಲೆ 'ತಪ್ಪು ಹೌದು, ಆದರೆ ತಂಗಿ ನೋಡುತ್ತಿದ್ದಳು' ಎಂದು ಬರೆಸಬೇಕು. ಸಾಧ್ಯವಾದರೆ ಹದಿನೆಂಟು ದಾಟುವವರೆಗೆ ಮಕ್ಕಳು ಮನೆಯ ಹೊರಗಿನವರ ತಪ್ಪನ್ನು ಮಾತ್ರ ಕಾಣುವಂತೆ ತಮ್ಮ ಕಥೆಗಳನ್ನು ತಿದ್ದಬೇಕು. ಅದೂ ಆಗದಿದ್ದರೆ, ಪ್ರಪಂಚದ ಅಷ್ಟೂ ದೇಶದ ಮಕ್ಕಳನ್ನು ಇನ್ನೊಮ್ಮೆ ಕೂರಿಸಿ, ಮುತ್ಯಾಂದಿರು ಮಾತು ತಪ್ಪಿದರೆ ಹಳದಿ ಒತ್ತಿರೆಂದು ಒಲಿಸಬೇಕು, ಜಪಾನಿನಿಂದ ಶುರು ಮಾಡಿದರೆ ಒಳ್ಳೆಯದು.

ನಾನೇನೂ ಸರಿಪಡಿಸಲು ನೋಡಲಿಲ್ಲ ಎಂದಲ್ಲ. ಮರುದಿನ ಬೆಳಿಗ್ಗೆ ಉಳಿದ ಕಡಬು, ಭಜ್ಜಿ ಬಕೆಟ್ಟಿಗೆ ಹಾಕಿಕೊಂಡು ನೇಹಾಳನ್ನು ಹೊಲಕ್ಕೆ ಕರೆದೊಯ್ದೆ, ಉತ್ತರದ ಮೂಲೆ ಉಪವಾಸವಿದೆ, ಚೆಲ್ಲು ಎಂದೆ. ಅವಳು ಸುತ್ತ ಒಮ್ಮೆ ನೋಡಿ, "ಇವತ್ತ ಯಾರೂ ಇಲ್ಲ ಮುತ್ಯಾ. ಕಸಗೊಂಡಿದ್ದು ಎಲ್ಲರ ಮುಂದ, ಕೊಡೂದು ಮಾತ್ರ ಕದ್ದು ಮುಚ್ಚಿ?" ಎಂದಳು. ಬಕೆಟ್ಟು ಮುಟ್ಟಲಿಲ್ಲ. ನಾನೊಬ್ಬನೇ ಕುಂಟುತ್ತಾ ಹೋಗಿ ಆ ಮೂಲೆಗೆ ಚೆಲ್ಲಿ ಬಂದೆ, ಹಿಂದೆ ದನಿ ಕೊಡಲು ಯಾರೂ ಬರಲಿಲ್ಲ.

ಈ ಪತ್ರ ಲಕೋಟೆಯೊಳಗೆ ಬಾರದೆ ಬಹಿರಂಗವಾಗಿ ಬರುತ್ತಿರುವುದು ಆ ಕಾರಣಕ್ಕೆ. ಬರುವ ಎಳ್ಳಮಾವಾಸ್ಯೆಗೆ ನಮ್ಮ ಹೊಲದ ಚರಗವನ್ನು ನೇಹಾ ಚೆಲ್ಲುತ್ತಾಳೆ, ನಾನು ಅವಳ ಹಿಂದೆ ನಡೆದು ದನಿ ಕೊಡುತ್ತೇನೆ, ಯಾರೇನೆಂದರೂ ಬಕೆಟ್ಟಿಗೆ ಕೈ ಹಾಕುವುದಿಲ್ಲ. ಇದನ್ನು ಓದಿದ ಪ್ರತಿಯೊಬ್ಬರೂ ಸಾಕ್ಷಿ. ಒಂದು ಪ್ರತಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದೇನೆ, ಒಂದನ್ನು ತಾಂಡೂರಿಗೆ ನನ್ನ ತಂಗಿಗೆ ಕಳಿಸಿದ್ದೇನೆ, ಕಾಶಪ್ಪನಿಗೂ ರಾಮುಲುವಿಗೂ ಎಚ್ಚರವಿದ್ದಾಗಲೇ ಗಟ್ಟಿಯಾಗಿ ಓದಿ ಹೇಳಿದ್ದೇನೆ.

ಮೂರೂ ಬಣ್ಣಗಳಲ್ಲಿ ಅಪರಾಧಿಯಾದ,
ತಮ್ಮ ವಿಶ್ವಾಸಿ,
ಪೀರಪ್ಪ

ತಾ.ಕ.: ಗೋಡೆಗೆ ಅಂಟಿಸುವ ಮೊದಲು ಈ ಪತ್ರವನ್ನು ನೇಹಾಳಿಗೆ ತೋರಿಸಿದೆ. ಮುತ್ಯಾ ತನ್ನ ತಪ್ಪನ್ನು ಟ್ಯಾಬಿನ ಮೇಲೆ ಹಾಕುವುದು ಯಾವ ಬಣ್ಣವೆಂದು ಆಮೇಲೆ ಹೇಳುತ್ತೇನೆ ಎಂದಳು, ಆದರೆ ಕಡೆಯ ಪ್ಯಾರಾದ ಕೆಳಗೆ ಸಾಕ್ಷಿಯಾಗಿ ಮೊದಲ ಸಹಿ ಹಾಕಿದವಳೂ ಅವಳೇ. ತಮಗೆ ಒಂದು ಪ್ರಶ್ನೆ ಕೇಳಲು ಹೇಳಿದ್ದಾಳೆ. ಫಲಿತಾಂಶವನ್ನು ಸಂಕ್ರಾಂತಿಯೊಳಗೆ ಬಂದು ತಿಳಿಸುತ್ತೇವೆ ಎಂದು ತಮ್ಮವರು ಇಡೀ ತರಗತಿಗೆ ಮಾತು ಕೊಟ್ಟು ಹೋಗಿದ್ದರು. ಸಂಕ್ರಾಂತಿ ಕಳೆದು ಇಂದಿಗೆ ಹದಿನಾರು ದಿನ. ಇದು ಯಾವ ಬಣ್ಣ? ಮಕ್ಕಳು ಬಣ್ಣ ಒತ್ತಿ ಆಗಿದೆ, ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದಾರೆ.