ನನ್ನ ಕಾಟ್ಲಾ ಮೀನು ತಿಂದ ನೀರುನಾಯಿಯವರ ಸನ್ನಿಧಾನಕ್ಕೆ

ಹೇಮಾವತಿಯ ದಂಡೆಯಲ್ಲಿ ಸಕುಟುಂಬ ವಾಸವಾಗಿರುವ ಮಾನ್ಯ ನೀರುನಾಯಿಯವರೇ,

ಹೊಳೆನರಸೀಪುರ ತಾಲ್ಲೂಕಿನ ನಿವೃತ್ತ ಶಾಲಾ ಗುಮಾಸ್ತ ಗುಂಡಯ್ಯನ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಕ್ಷೇಮವೆಂಬುದು ನನ್ನ ಕೃಷಿಹೊಂಡದ ದಡದಲ್ಲಿ ದಿನವೂ ಬೆಳಿಗ್ಗೆ ಕಾಣುವ ಮೀನಿನ ಮುಳ್ಳುಗಳಿಂದ ತಿಳಿದು ಸಂತೋಷವಾಗಿದೆ.

ನಿವೃತ್ತಿಯ ನಂತರ ಹೊತ್ತು ಕಳೆಯಲೆಂದು ಹೊಂಡ ತೋಡಿಸಿ, ಕಾಟ್ಲಾ ಮರಿ ಬಿಟ್ಟು, ಹಿಂಡಿ ಕಲಸಿ ಹಾಕಿ ಒಂದೂವರೆ ವರ್ಷ ಸಾಕಿದೆ. ತಾವು ಒಂದೂವರೆ ವಾರದಲ್ಲಿ ಅರ್ಧ ಮುಗಿಸಿದಿರಿ. ಇಂಥ ದಕ್ಷತೆಯನ್ನು ನನ್ನ ಮೂವತ್ತೈದು ವರ್ಷದ ಸೇವೆಯಲ್ಲಿ ಯಾವ ಕಚೇರಿಯಲ್ಲೂ ಕಂಡಿರಲಿಲ್ಲ. ಮಾಲೀಕನಿಗೆ ಬಾಲವನ್ನಾದರೂ ಬಿಟ್ಟುಹೋಗುವ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೂ ಮನುಷ್ಯಬುದ್ಧಿ, ಅರಣ್ಯ ಇಲಾಖೆಗೆ ದೂರು ಕೊಟ್ಟೆ. ಬಂದ ವಾಚರ್ ಕೀರ್ತಿರಾಜ್ ಕೆಸರಿನಲ್ಲಿದ್ದ ತಮ್ಮ ಹೆಜ್ಜೆ ನೋಡಿ ಕುಣಿಯುವುದೊಂದು ಬಾಕಿ. "ಸಾ, ನೀರ್ನಾಯಿ ಸಾ! ಕೆಲ್ಸುಕ್ಕೆ ಸೇರಿ ಅನ್ನೊಂದು ವರ್ಸದಾಗೆ ಒಂದ್ಸಲಾನೂ ಕಂಡಿರ್ಲಿಲ್ಲ. ಮೊದ್ಲು ಈ ಒಳೆ ಮಡೂನಾಗೆ ಬೇಕಾದಂಗಿದ್ವಂತೆ. ಅದ್ಯಾವ ಪಾಪಿಗಳು ಏನ್ ಮಾಡುದ್ರೋ!" ಎಂದು, ಹೊಂಡದ ಸುತ್ತ ಬಲೆ ಕಟ್ಟಿಕೊಳ್ಳಲು ಹೇಳಿದ.

ಮಾನ್ಯರೇ, ಆ ಪಾಪಿಗಳಲ್ಲೊಬ್ಬ ಅದೇ ಹೊತ್ತಿಗೆ ಅವನಿಗೆ ಕಾಫಿ ಲೋಟ ನೀಡುತ್ತಿದ್ದ.

ಆಗ ನನಗೆ ಹತ್ತೊಂಬತ್ತು. ಕಲ್ಲುಕ್ವಾರಿಯಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಹುಚ್ಚಯ್ಯ ಬಂಡೆ ಸಿಡಿಸುವ ತೋಟೆ ತಂದು, "ಬಲೆ ಯಾಕ್ಲಾ? ಒಂದೇ ಏಟಿಗೆ ಒಳೇನೇ ಮನೆಗೆ ಬತ್ತದೆ ಕಣ್ಲಾ" ಎಂದ. ಬತ್ತಿ ಹೊತ್ತಿಸಿ ಮಡುವಿಗೆ ಎಸೆದೆವು. ನೀರು ತೆಂಗಿನಮರದೆತ್ತರ ಎದ್ದು ಬಿತ್ತು. ಆಮೇಲೆ ಮಡುವೆಲ್ಲ ಬೆಳ್ಳಗಾಯಿತು. ಹೊಟ್ಟೆ ಮೇಲಾಗಿ ತೇಲಿದ ಮೀನು. ದೊಡ್ಡವನ್ನು ಆರಿಸಿ ಚೀಲ ತುಂಬಿ, ಬೆರಳುದ್ದದವನ್ನು ಹೊಳೆಗೇ ಬಿಟ್ಟೆವು. ಅವುಗಳ ನಡುವೆ ತಮ್ಮ ವಂಶದ ಎರಡು ಮರಿಗಳೂ ತೇಲುತ್ತಿದ್ದವು. ತಾಯಿ ಬಂಡೆಯ ಮೇಲೆ ನಿಂತು ಸಿಳ್ಳೆ ಹೊಡೆದಂತೆ ಕೂಗುತ್ತಿತ್ತು. ಹುಚ್ಚಯ್ಯ ನಕ್ಕ. ನಾನೂ ನಕ್ಕೆ. ಮುಂದಿನ ಎರಡು ಬೇಸಿಗೆಯೂ ಇದೇ ಕೆಲಸ. ಮೂರನೆಯದಕ್ಕೆ ಹೋದಾಗ ಹೊಳೆಯಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ.

ಕೀರ್ತಿರಾಜ್ ಹೋದ ಎರಡು ದಿನಕ್ಕೆ, ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಮುದ್ದಮ್ಮನ ಎದುರು ಕುಳಿತು ಮೊದಲ ಸಲ ಇದನ್ನೆಲ್ಲ ಹೇಳಿದೆ. ಅವಳ ತವರು ಹೊಳೆಯ ಕೆಳಗಿನ ಊರು. ಅವಳು ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದಳು.

"ನಾನ್ ಚಿಕ್ಕೋಳಿದ್ದಾಗ ನಮ್ಮೂರ್ ಮೆಟ್ಲಿಗೆ ಸಣ್ ಮೀನು ರಾಸಿ ರಾಸಿ ತೇಲ್ಕಂಡ್ ಬಂದಿದ್ವು. ಅವ್ವ ಮೂರ್ ದಿನ ಸಾರ್ ಮಾಡುದ್ಲು. ಗಂಗಮ್ಮ ಕೊಟ್ಲು ಅಂತ ಕೈ ಮುಗುದು ತಿಂದ್ವಿ. ಅದು ನೀವ್ ಕೊಟ್ಟಿದ್ದಾ?"

ನಾನು ಅವರೆ ಸಿಪ್ಪೆ ಬಾಚತೊಡಗಿದೆ. "ಬಲೆ ಕಟ್ಬ್ಯಾಡಿ, ತಿನ್ಲಿ ಬುಡಿ" ಎಂದು ಅವಳು ಎದ್ದುಹೋದಳು. ನಾನು ಆಗಲೇ ಪೇಟೆಯಿಂದ ತರಿಸಿದ್ದ ಬಲೆ ಈಗ ಕೋಳಿಗೂಡಿನ ಸುತ್ತ ಇದೆ.

ಆದುದರಿಂದ ಮಾನ್ಯರಲ್ಲಿ ಬಿನ್ನಹ. ಭಾನುವಾರ ಮಗಳು ಧನುಶ್ರೀ ಬರುವುದರಿಂದ ದಯಮಾಡಿ ಅಂದು ಒಂದು ಕಾಟ್ಲಾವನ್ನು ಹೊಟ್ಟೆಸಮೇತ ಉಳಿಸಿಕೊಡುವುದು. ತಮ್ಮ ಮರಿಗಳಿಗೆ ಹಳೆಯ ಕಥೆ ಹೇಳುವಾಗ ಹುಚ್ಚಯ್ಯನ ಹೆಸರನ್ನಷ್ಟೇ ಹೇಳಿ ನನ್ನದನ್ನು ಕೈಬಿಡುವುದು. ಬೇಡ, ಎರಡೂ ಹೆಸರು ಹೇಳಿ.

ತಡವಾಗಿಯಾದರೂ ತಮ್ಮ ವಿಶ್ವಾಸಿ,
ಗುಂಡಯ್ಯ

ವಿ.ಸೂ.: ಬೇಲಿಯಾಚೆ ಶಾಂತರಾಜು ಅವರ ಹೊಂಡವಿದೆ. ಅವರು ತೋಟೆ ಎಸೆದವರಲ್ಲ. ಇಪ್ಪತ್ತು ವರ್ಷ ಹೊಳೆಯ ಮರಳನ್ನು ಟ್ರ್ಯಾಕ್ಟರಿನಲ್ಲಿ ಹೊಡೆದವರು, ಸದ್ಯ 'ಹೇಮಾವತಿ ಉಳಿಸಿ' ಸಮಿತಿಯ ಅಧ್ಯಕ್ಷರು. ಅವರ ಮೀನು ನನ್ನವಕ್ಕಿಂತ ದಪ್ಪ. ಪರಿಸರಪ್ರೇಮಿಗಳಾದ್ದರಿಂದ ತಾವು ದಯಮಾಡಿಸಿದರೆ ಬೇಸರಿಸಲಾರರು.